ಮಾರ್ಮನ್ನರಿಗೆ ತಲೆನೋವು ಬರೋದಿಲ್ವಾ?

ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ ಓದಿದವರಿಗೆ ಈ ಅನುಭವ ಆಗಿರುತ್ತೆ. ಲಂಡನ್ನಿನ ಖಾಲಿ ಮನೆಯಲ್ಲಿ ಹೆಣ ಸಿಗುತ್ತದೆ, ಗೋಡೆ ಮೇಲೆ ರಕ್ತದಲ್ಲಿ ಬರೆದ ಅಕ್ಷರಗಳು ಕಾಣುತ್ತವೆ, ಕೊಲೆಗಾರನ ಕೈಗೆ ಕೋಳವೂ ಬೀಳುತ್ತದೆ. ಆಹಾ ಅಂದುಕೊಂಡು ಪುಟ ತಿರುಗಿಸಿದರೆ ಹೋಮ್ಸೂ ಇಲ್ಲ, ವಾಟ್ಸನ್ನೂ ಇಲ್ಲ. ಎಲ್ಲೋ ಅಮೆರಿಕದ ಬಂಜರು ಬಯಲು. ನೀರಿಲ್ಲದೆ ಸಾಯುತ್ತಿರುವ ಒಬ್ಬ ಗಂಡಸು, ಅವನ ಜೊತೆ ಒಂದು ಪುಟ್ಟ ಹುಡುಗಿ. ಬೈಂಡಿಂಗ್ ಮಾಡುವವನು ಬೇರೆ ಪುಸ್ತಕದ ಹಾಳೆಗಳನ್ನು ಸೇರಿಸಿಬಿಟ್ಟನೇನೋ ಅನ್ನಿಸಬೇಕು, ಹಾಗಿರುತ್ತೆ.

ಅವರಿಬ್ಬರನ್ನು ಕಾಪಾಡುವುದು ಗಾಡಿ ಕಟ್ಟಿಕೊಂಡು ಹೊರಟ ಮಾರ್ಮನ್ನರ ದೊಡ್ಡ ತಂಡ. ನಮ್ಮ ಮತಕ್ಕೆ ಸೇರುವುದಾದರೆ ಮಾತ್ರ ಕರೆದುಕೊಂಡು ಹೋಗ್ತೀವಿ ಅನ್ನುವುದು ಅವರ ಷರತ್ತು. ಹುಡುಗಿ ಲೂಸಿ ಬೆಳೆದು ಮದುವೆಯ ವಯಸ್ಸಿಗೆ ಬಂದಾಗ, ನಮ್ಮವರ ಇಬ್ಬರು ಗಂಡುಗಳಲ್ಲಿ ಒಬ್ಬನನ್ನು ಆರಿಸಿಕೊಳ್ಳಲಿ ಎಂದು ಮುಖಂಡನಿಂದ ಅಪ್ಪಣೆ ಬರುತ್ತದೆ. ಒಬ್ಬನಿಗೆ ಆಗಲೇ ನಾಲ್ಕು ಹೆಂಡಿರು, ಇನ್ನೊಬ್ಬನಿಗೆ ಏಳು! ಗಡುವು ಒಂದು ತಿಂಗಳು. ಸಾಕುತಂದೆ ಒಪ್ಪುವುದಿಲ್ಲ. ಮರುದಿನ ಬೆಳಿಗ್ಗೆ ಎದ್ದರೆ ಅವನ ಹೊದಿಕೆಗೇ ಚೀಟಿ ಚುಚ್ಚಿದೆ: ಇನ್ನು 29 ದಿನ. ಅದರ ಮರುದಿನ ಚಾವಣಿಯ ಮೇಲೆ 28. ಬಾಗಿಲಿಗೆ ಅಗಳಿ ಹಾಕಿದ್ದರೂ, ರಾತ್ರಿಯೆಲ್ಲ ಬಂದೂಕು ಹಿಡಿದು ಕೂತರೂ ಅಂಕಿ ಮಾತ್ರ ತಪ್ಪದೆ ಇಳಿಯುತ್ತಾ ಹೋಗುತ್ತದೆ. ರಾತ್ರಿ ಹೊತ್ತು ಓದಬಾರದು, ಅಷ್ಟು ಚೆನ್ನಾಗಿ ಹೆದರಿಸ್ತಾನೆ ಕಾನನ್ ಡಾಯ್ಲ್.

ನಮ್ಮಲ್ಲಿ ಬಹಳ ಜನಕ್ಕೆ ಮಾರ್ಮನ್ ಎಂಬ ಹೆಸರು ಮೊದಲು ಪರಿಚಯವಾಗಿದ್ದೇ ಈ ಪುಟಗಳಲ್ಲಿ. ಅದನ್ನು ಓದಿ ಮುಗಿಸಿದ ಓದುಗರೊಬ್ಬರು ಮೊನ್ನೆ ಕೇಳಿದರು: ‘ಅವರು ನಿಜಕ್ಕೂ ಹಂಗೇನಾ?’ ಈ ವಾರದ ಅಂಕಣ ಆ ಪ್ರಶ್ನೆಗೆ.

ಮೊದಲು ಸ್ವಲ್ಪ ಇತಿಹಾಸ. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಈ ಪಂಥವನ್ನು ಕಟ್ಟಿದ. ದೇವದೂತ ತೋರಿಸಿದ ಚಿನ್ನದ ಹಾಳೆಗಳಿಂದ ‘ಬುಕ್ ಆಫ್ ಮಾರ್ಮನ್’ ಅನ್ನು ಅನುವಾದ ಮಾಡಿದ್ದೇನೆ ಎಂಬುದು ಅವನ ಮಾತು. ಸುತ್ತಲಿನವರಿಗೆ ಇವರನ್ನು ಕಂಡರೆ ಆಗುತ್ತಿರಲಿಲ್ಲ. 1838ರಲ್ಲಿ ಮಿಸ್ಸೌರಿಯ ಗವರ್ನರ್, ಇವರನ್ನು ರಾಜ್ಯದಿಂದ ಓಡಿಸಿ ಇಲ್ಲವೇ ನಿರ್ನಾಮ ಮಾಡಿ ಎಂದು ಲಿಖಿತ ಆದೇಶವನ್ನೇ ಹೊರಡಿಸಿದ. 1844ರಲ್ಲಿ ಇಲಿನಾಯ್ ರಾಜ್ಯದ ಜೈಲಿಗೆ ನುಗ್ಗಿದ ಗುಂಪು ಜೋಸೆಫ್ ಸ್ಮಿತ್‌ನನ್ನು ಗುಂಡಿಟ್ಟು ಕೊಂದಿತು. ಉಳಿದವರನ್ನು ಬ್ರಿಗಮ್ ಯಂಗ್ 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ಕರೆತಂದ.

ಹಾಗಂತ ಡಾಯ್ಲ್ ಬರೆದಿದ್ದೆಲ್ಲ ಬರೀ ಗಾಳಿಮಾತು ಅನ್ನುವಂತಿಲ್ಲ ನೋಡಿ. ಬಹುಪತ್ನಿತ್ವವನ್ನು 1852ರಲ್ಲಿ ಅವರೇ ಬಹಿರಂಗವಾಗಿ ಸಾರಿದ್ದರು, ಕೈಬಿಡುತ್ತೇವೆ ಎಂದು ಘೋಷಿಸಿದ್ದು 1890ರಲ್ಲಿ. ಕಾದಂಬರಿ ಬಂದಿದ್ದು 1887ರಲ್ಲಿ, ಅಂದರೆ ಪದ್ಧತಿ ಚಾಲ್ತಿಯಲ್ಲಿದ್ದಾಗಲೇ. 1857ರಲ್ಲಿ ಯೂಟಾದ ಮೌಂಟನ್ ಮೆಡೋಸ್ ಎಂಬಲ್ಲಿ ಅವರ ಕೆಲವು ಸ್ಥಳೀಯ ಮುಖಂಡರು, ಸೇನಾ ತುಕಡಿಯವರು ಸೇರಿ ದಾರಿಹೋಕ ವಲಸಿಗರಲ್ಲಿ ಸುಮಾರು 120 ಮಂದಿಯನ್ನು ಕೊಂದದ್ದೂ ನಿಜ. ಆದರೆ ಡಾಯ್ಲ್ ಆಗ ಯೂಟಾ ಕಡೆ ತಲೆಹಾಕಿಯೂ ಮಲಗಿದವನಲ್ಲ. ಅವನ ಕಥೆಯ ಬ್ರಿಗಮ್ ಯಂಗ್‌ಗೆ ಮೂವತ್ತು ವರ್ಷ ಮೀರಿಲ್ಲ. ಅಸಲಿ ಮನುಷ್ಯನಿಗೆ ಆ ಹೊತ್ತಿಗೆ 45 ಆಗಿತ್ತು.

ವಯಸ್ಸು ತಪ್ಪಾದರೆ ಲೋಕವೇನೂ ಮುಳುಗೋದಿಲ್ಲ. ನನ್ನ ತಕರಾರು ಬೇರೆ. ಆ ಭಾಗವನ್ನು ಇನ್ನೊಮ್ಮೆ ಓದಿ. ಅಲ್ಲಿನ ಯಾವ ಮಾರ್ಮನ್ನನಿಗೂ ತಲೆನೋವು ಬರುವುದಿಲ್ಲ. ಯಾರಿಗೂ ಸಾಲವಿಲ್ಲ, ಯಾರ ಮನೆಯಲ್ಲೂ ಮಗು ಅಳುವುದಿಲ್ಲ, ಯಾರೂ ಪಕ್ಕದ ಮನೆಯವರ ಮೇಲೆ ಚಾಡಿ ಹೇಳುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ ಅವರಿಗೆ ಒಂದೇ ಉದ್ಯೋಗ, ಮಾರ್ಮನ್ ಆಗಿರುವುದು. ಅಂದರೆ ಹೆದರಿಸುವುದು. ಆ ನಾಲ್ಕು ಹೆಂಡಿರು, ಏಳು ಹೆಂಡಿರು ಅಂದೆನಲ್ಲ, ಅವರಲ್ಲಿ ಒಬ್ಬಳಿಗಾದರೂ ಹೆಸರಿಟ್ಟು ಮಾತಾಡಿಸಿದ್ದಾನೆಯೇ? ಇಲ್ಲ. ಲೂಸಿಯೂ ಅಷ್ಟೇ, ಬಲವಂತದ ಮದುವೆಯಾಗಿ ತಿಂಗಳೊಳಗೆ ಕೊರಗಿ ಸಾಯುತ್ತಾಳೆ. ಅವಳ ಸಂಕಟ ಗಂಡಸರ ಸೇಡಿಗೆ ಒಂದು ನೆಪ.

1923ರಲ್ಲಿ ಡಾಯ್ಲ್ ಸಾಲ್ಟ್ ಲೇಕ್ ಸಿಟಿಗೆ ಹೋದ. ಆ ಹೊತ್ತಿಗೆ ಅವನಿಗೆ ಪ್ರೇತಾತ್ಮಗಳ ಹುಚ್ಚು ಹಿಡಿದಿತ್ತು, ಊರೂರು ತಿರುಗಿ ಅದರ ಬಗ್ಗೆ ಭಾಷಣ ಮಾಡುತ್ತಿದ್ದ. ಅವನು ಕಥೆಯಲ್ಲಿ ರಾಕ್ಷಸರನ್ನಾಗಿ ಮಾಡಿದ್ದ ಜನವೇ ತಮ್ಮ ಪ್ರಸಿದ್ಧ ಸಭಾಮಂದಿರವನ್ನು ಆ ಭಾಷಣಕ್ಕೆ ಬಿಟ್ಟುಕೊಟ್ಟರು, ಸಾವಿರಾರು ಜನ ಬಂದು ಕೂತು ಕೇಳಿದರು. ಅವರ ಸೌಜನ್ಯಕ್ಕೆ ಮನಸೋತು ಆಮೇಲೆ ಪುಸ್ತಕದಲ್ಲೂ ಹೊಗಳಿದ. ಆದರೆ ಹಳೇ ಕಾದಂಬರಿಗಾಗಿ ಕ್ಷಮೆ ಕೇಳಿ ಅಂದವರಿಗೆ, ಘಟನೆಗಳೆಲ್ಲ ಇತಿಹಾಸದಲ್ಲಿ ಇದ್ದಂಥವೇ, ಕಥೆಯಾದ್ದರಿಂದ ಬಣ್ಣ ಸ್ವಲ್ಪ ಜಾಸ್ತಿಯಾಗಿರಬಹುದು ಎಂಬರ್ಥದ ಉತ್ತರ ಕೊಟ್ಟು ಸುಮ್ಮನಾದ.

ಆ ಬಣ್ಣ ಬೇಗ ಹೋಗಲಿಲ್ಲ. 1912ರಲ್ಲಿ ಜೇನ್ ಗ್ರೇ ಬರೆದ ‘ರೈಡರ್ಸ್ ಆಫ್ ದಿ ಪರ್ಪಲ್ ಸೇಜ್’ನಲ್ಲೂ ಹುಡುಗಿಯನ್ನು ಬಲವಂತವಾಗಿ ಮದುವೆಯಾಗಲು ಹೊರಟ ಹಿರಿಯ ಇದ್ದಾನೆ. ಪದ್ಧತಿ ಬಿಟ್ಟೆವೆಂದು ಘೋಷಿಸಿ ಆಗಲೇ 22 ವರ್ಷ. ಒಂದು ವ್ಯತ್ಯಾಸವೆಂದರೆ ಅಲ್ಲಿನ ನಾಯಕಿ ಜೇನ್ ಸ್ವತಃ ಮಾರ್ಮನ್ ಹೆಣ್ಣು, ಆಸ್ತಿವಂತೆ, ಧರ್ಮವನ್ನೂ ಬಿಡಲಾರಳು, ದೌರ್ಜನ್ಯವನ್ನೂ ಸಹಿಸಲಾರಳು. ಅಷ್ಟರಮಟ್ಟಿಗೆ ಜೀವ ಬಂದಿದೆ.

ಈಗಿನ ಕಾಲಕ್ಕೆ ಬನ್ನಿ. ಚಾಕು ಹೋಯಿತು, ನಗು ಬಂತು. 2011ರಲ್ಲಿ ಬ್ರಾಡ್‌ವೇಯಲ್ಲಿ ಶುರುವಾದ ‘ದಿ ಬುಕ್ ಆಫ್ ಮಾರ್ಮನ್’ ಸಂಗೀತ ನಾಟಕ ಒಂಬತ್ತು ಟೋನಿ ಪ್ರಶಸ್ತಿ ಹೊಡೆದುಕೊಂಡಿತು. ಬಿಳಿ ಶರ್ಟು, ಕಪ್ಪು ಟೈ, ಹಲ್ಲು ಕಿರಿಯುತ್ತಲೇ ಇರುವ ಇಬ್ಬರು ಹುಡುಗರು ಧರ್ಮಪ್ರಚಾರಕ್ಕೆ ಉಗಾಂಡಾಕ್ಕೆ ಹೋಗುವ ಕಥೆ. ಸಭೆಯವರು ಜಗಳಕ್ಕೆ ಹೋಗಲಿಲ್ಲ. ನಾಟಕ ನೋಡಿದ್ದೀರಿ, ಇನ್ನು ಮೂಲ ಪುಸ್ತಕ ಓದಿ ಎನ್ನುವ ಅರ್ಥದ ಜಾಹೀರಾತನ್ನು ನಾಟಕದ ಕೈಪಿಡಿಯಲ್ಲೇ ಹಾಕಿಸಿಬಿಟ್ಟರು! ಜಾಣತನ ಮೆಚ್ಚಬೇಕು. ಆದರೂ ಆ ಹುಡುಗರಿಗೆ ನಗುವುದೇ ಉದ್ಯೋಗ, ಹೆದರಿಸುವುದು ಹಳಬರ ಉದ್ಯೋಗವಾಗಿದ್ದ ಹಾಗೆ. (ಅದರಲ್ಲಿ ಉಗಾಂಡಾದವರನ್ನು ತೋರಿಸಿದ ರೀತಿ ಇನ್ನೂ ಕಡೆ, ಅದರ ಬಗ್ಗೆ ಯಾರೂ ಅಷ್ಟು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.)

ಹೊರಗಿನವರು ಬರೆದರೆ ಹೀಗೇ ಅಂತಲೂ ಹೇಳೋದಕ್ಕಾಗಲ್ಲ. ಟೋನಿ ಕುಶ್ನರ್ ಮಾರ್ಮನ್ ಅಲ್ಲ, ಯಹೂದಿ. ಅವನ ‘ಏಂಜಲ್ಸ್ ಇನ್ ಅಮೆರಿಕ’ ನಾಟಕದಲ್ಲಿ ಹ್ಯಾನಾ ಪಿಟ್ ಎಂಬ ತಾಯಿ ಇದ್ದಾಳೆ. ತಾನು ಸಲಿಂಗಿ ಎಂದು ಮಗ ಫೋನಿನಲ್ಲಿ ಹೇಳಿದ ಮೇಲೆ, ಸಾಲ್ಟ್ ಲೇಕ್‌ನ ಮನೆ ಮಾರಿ ನ್ಯೂಯಾರ್ಕಿಗೆ ಬರುತ್ತಾಳೆ. ಮುಖದಲ್ಲಿ ನಗುವಿಲ್ಲ, ಮಾತು ಗರಗಸ. ಏಡ್ಸ್‌ನಿಂದ ಕುಸಿದ ಒಬ್ಬ ಅಪರಿಚಿತ ಹುಡುಗನನ್ನು ಆಸ್ಪತ್ರೆಗೆ ಸೇರಿಸುವ ಪಾಳಿ ಅವಳಿಗೆ ಬರುತ್ತದೆ. ಇವಳು ಮಾರ್ಮನ್ ಮುದುಕಿ, ನನ್ನನ್ನು ಕಂಡರೆ ಅಸಹ್ಯಪಡ್ತಾಳೆ ಎಂದು ಅವನ ಲೆಕ್ಕ. ನನ್ನ ತಲೆಯೊಳಗೆ ಏನಿದೆ ಅಂತ ನೀನೇ ತೀರ್ಮಾನ ಮಾಡಬೇಡ ಎನ್ನುವ ಹಾಗೆ ಅವಳು ಅವನನ್ನು ಗದರುತ್ತಾಳೆ. ಪ್ರೇಕ್ಷಕರಿಗೂ ಆ ಗದರಿಕೆಯಲ್ಲಿ ಪಾಲು ಸಿಗುತ್ತೆ. ಕೊನೆಯ ದೃಶ್ಯದಲ್ಲಿ ಅವಳು ಅದೇ ಹುಡುಗ ಮತ್ತವನ ಗೆಳೆಯರ ಜೊತೆ ಪಾರ್ಕಿನಲ್ಲಿ ಕೂತಿರುತ್ತಾಳೆ. ಮಗ ಅಲ್ಲಿಲ್ಲ.

ಒಳಗಿನವರು ಬರೆದದ್ದೂ ಇದೆ. ‘ಟ್ವೈಲೈಟ್’ ಬರೆದ ಸ್ಟೆಫನಿ ಮೇಯರ್, ಸಾವಿರಾರು ಪುಟಗಳ ಮಾಯಾಲೋಕ ಕಟ್ಟುವ ಬ್ರ್ಯಾಂಡನ್ ಸ್ಯಾಂಡರ್ಸನ್, ಇಬ್ಬರೂ ಈ ಸಭೆಯವರೇ. ಆದರೆ ಅವರ ಹೆಸರುವಾಸಿ ಪುಸ್ತಕಗಳಲ್ಲಿ ರಕ್ತಪಿಶಾಚಿಗಳಿಗೆ, ಮಂತ್ರವಾದಿಗಳಿಗೆ ಜಾಗವಿದೆ, ಮನೆಯವರಿಗಿಲ್ಲ.

ಮನೆಯವರ ಕಥೆ ಬೇಕಾದರೆ ಮೌರೀನ್ ವಿಪಲ್ ಬರೆದ ‘ದಿ ಜಯಂಟ್ ಜೋಶುವಾ’ಕ್ಕೆ ಹೋಗಬೇಕು. ಆಕೆ ಹುಟ್ಟಿದ್ದೇ ಯೂಟಾದ ಸೇಂಟ್ ಜಾರ್ಜ್‌ನಲ್ಲಿ, 1903ರಲ್ಲಿ. 1941ರಲ್ಲಿ ಬಂದ ಈ ಕಾದಂಬರಿ ಆ ಊರನ್ನು ಮರುಭೂಮಿಯಲ್ಲಿ ಕಟ್ಟಿದ ತಲೆಮಾರಿನ ಕಥೆ. ನಾಯಕಿ ಕ್ಲೋರಿ ಒಬ್ಬನಿಗೆ ಮೂರನೇ ಹೆಂಡತಿ. ಡಾಯ್ಲ್ ಹೆಸರಿಡದೆ ಬಿಟ್ಟ ಹೆಂಗಸರು ಇಲ್ಲಿ ಎದ್ದು ಬರುತ್ತಾರೆ. ಸವತಿಯರ ಕೊಂಕು ಮಾತು, ಗಂಡನ ಬಿಗುಮಾನ, ಸಾಯುವ ಮಕ್ಕಳು, ಆ ನಡುವೆಯೂ ಕ್ಲೋರಿಗೆ ಉಕ್ಕುವ ನಗು. ಸವತಿಯರ ಸಂಸಾರ ಎಂಥದ್ದೆಂದು ನಮ್ಮ ಅಜ್ಜಿಯಂದಿರಿಗೆ ಹೇಳಿಕೊಡಬೇಕಾಗಿರಲಿಲ್ಲ. ಅವರು ಓದಿದ್ದರೆ ಕ್ಲೋರಿಯನ್ನು ಥಟ್ಟನೆ ಗುರುತು ಹಿಡಿಯುತ್ತಿದ್ದರು. ಬಹುಪತ್ನಿತ್ವದ ಬಗ್ಗೆ ಡಾಯ್ಲ್‌ಗಿಂತ ಕಟುವಾದ ಮಾತು ಇಲ್ಲಿದೆ. ಆದರೆ ಅದು ಬರುವುದು ಅಡುಗೆಮನೆಯಿಂದ. ಸೇಂಟ್ ಜಾರ್ಜಿನವರು ಮಗಳ ಪುಸ್ತಕವನ್ನು ಅಪ್ಪಿಕೊಂಡರೇ? ಇಲ್ಲ, ಮುಖ ತಿರುಗಿಸಿದವರೇ ಜಾಸ್ತಿ.

2011ರಲ್ಲಿ ವರ್ಜೀನಿಯಾದ ಒಂದು ಜಿಲ್ಲೆಯಲ್ಲಿ, ಪೋಷಕರೊಬ್ಬರ ದೂರಿನ ಮೇಲೆ ಡಾಯ್ಲ್ ಕಾದಂಬರಿಯನ್ನು ಆರನೇ ತರಗತಿಯ ಓದಿನ ಪಟ್ಟಿಯಿಂದ ತೆಗೆದರು. ನನಗೇನೋ ತೆಗೆಯೋದು ಇಷ್ಟವಿಲ್ಲ. ಹೋಮ್ಸ್‌ನನ್ನು ಮೊದಲ ಸಲ ಭೇಟಿಯಾಗುವ ಸುಖ ಮಕ್ಕಳಿಗೆ ತಪ್ಪಬಾರದು. ಎರಡನೇ ಭಾಗ ಓದುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು, ಜೈಲಿನಲ್ಲಿ ಸತ್ತವನ ಕಥೆಯನ್ನೂ ಹೇಳಿದರೆ ಸಾಕು.

ಇನ್ನು ಕೇಳಿದವರಿಗೆ ಉತ್ತರ. ಅವರು ಈಗ ತೀರಾ ದೂರದವರೂ ಅಲ್ಲ. ಭಾರತದ ತಮ್ಮ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುತ್ತೇವೆಂದು 2018ರಲ್ಲಿ ಘೋಷಿಸಿ, 2020ರ ಡಿಸೆಂಬರ್‌ನಲ್ಲಿ ಭೂಮಿಪೂಜೆ ಮಾಡಿದರು (ಅವರ ಭಾಷೆಯಲ್ಲಿ ಹಾಗನ್ನೋಲ್ಲ, ಬಿಡಿ). ಅಂದರೆ ಅವರಲ್ಲಿ ಕೆಲವರು ನಿಮ್ಮ ಹಾಗೇ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳುವ ಬೆಂಗಳೂರಿಗರು. ಕಾಫಿ, ಟೀ ಮುಟ್ಟುವುದಿಲ್ಲ, ಅದೊಂದು ಕಷ್ಟ ನನಗೆ ಅರ್ಥವಾಗೋದಿಲ್ಲ. ತಲೆನೋವು ಬಂದಾಗ ಏನು ಮಾಡ್ತಾರೋ ಕೇಳಬೇಕು.

ವಿಪಲ್ ಅವರ ಪುಸ್ತಕ ದಪ್ಪ, ಇಂಗ್ಲಿಷ್ ಹಳೆಯದು, ನಿಧಾನವಾಗಿ ಓದಿ. ಅದನ್ನು ಮೂರು ಭಾಗಗಳಲ್ಲಿ ಬರೆಯುವ ಯೋಜನೆ ಹಾಕಿಕೊಂಡಿದ್ದರು. ಆಮೇಲೆ ಐವತ್ತು ವರ್ಷ ಬದುಕಿ, 1992ರಲ್ಲಿ ತೀರಿಕೊಂಡರು. ಎರಡನೆಯ ಭಾಗ ಮುಗಿಯಲೇ ಇಲ್ಲ.