ಮಾರಾಟಕ್ಕಿಟ್ಟ ಮನೆಗಳೂ ದಲ್ಲಾಳಿಗಳ ಹೊಣೆಯೂ

ಕುಂಬಳೆಯಿಂದ ಬದಿಯಡ್ಕದ ಕಡೆಗೋ ಅಲ್ಲಿಂದ ಪೆರ್ಲ, ಮುಳ್ಳೇರಿಯಗಳ ಕಡೆಗೋ ಹೋಗುವವರಿಗೆ “ಮನೆ ಮತ್ತು ಸ್ಥಳ ಮಾರಾಟಕ್ಕಿದೆ” ಎಂಬ ಫಲಕಗಳು ಹೊಸತಲ್ಲ. ಅವುಗಳಲ್ಲಿ ಹಲವು ಎರಡು ಮೂರು ಮಳೆಗಾಲ ಕಂಡು ಅಕ್ಷರ ಮಾಸಿವೆ. ಫಲಕದ ಹಿಂದಿನ ಮನೆಯ ಹಂಚು ಜಾರಿದೆ, ಪಕಾಸಿಗೆ ಒರಲೆ ಹಿಡಿದಿದೆ, ಅಂಗಳದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿದೆ. 2011ರ ಜನಗಣತಿಯ ವೇಳೆಗೆ ಕೇರಳದ ಸುಮಾರು 1 ಕೋಟಿ 12 ಲಕ್ಷ ಮನೆ ಕಟ್ಟಡಗಳಲ್ಲಿ 11 ಲಕ್ಷಕ್ಕೂ ಮಿಕ್ಕಿ ಖಾಲಿ ಬಿದ್ದಿದ್ದುವು. ಅವೆಲ್ಲವೂ ಮಾರಾಟಕ್ಕಿದ್ದವಲ್ಲ ನಿಜ. ಆದರೆ ಕೊಳ್ಳುವವನ ಎದುರಿಗೆ ಆಯ್ಕೆ ಎಷ್ಟಿದೆ ಎಂಬುದನ್ನು ಈ ಲೆಕ್ಕ ಸೂಚಿಸುತ್ತದೆ.

ನಮ್ಮ ಕನ್ನಡ ಕುಟುಂಬಗಳಿಗೆ ಇದು ಬರಿಯ ವ್ಯಾಪಾರದ ಮಾತಲ್ಲ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆನಿಂತು, ತಂದೆ ತಾಯಿ ಇಬ್ಬರೇ ದೊಡ್ಡ ಮನೆಯೊಂದರಲ್ಲಿ ಉಳಿದಿರುವ ಉದಾಹರಣೆ ಊರೂರಲ್ಲಿದೆ. ಮನೆ ಮಾರಿ ಮಕ್ಕಳ ಹತ್ತಿರ ಹೋಗೋಣವೆಂದರೆ ಮನೆ ಹೋಗುವುದಿಲ್ಲ. ಕೊನೆಗೆ ಕಾಯಿಲೆಯೋ ಸಾಲವೋ ಬಂದಾಗ ಸಿಕ್ಕಿದ ಬೆಲೆಗೆ ಕೊಟ್ಟು ಎದ್ದುಹೋಗಬೇಕಾಗುತ್ತದೆ. ಒಂದು ಆಯುಷ್ಯದ ಗಳಿಕೆ ಹೀಗೆ ಕರಗುವುದನ್ನು ನೋಡಿಯೂ ಸುಮ್ಮನಿರುವುದು ಸರಿಯಲ್ಲ. ಮಾರುವವರದ್ದೂ ಇದರಲ್ಲಿ ತಪ್ಪಿದೆ. ಆದರೆ ನಡುವೆ ನಿಂತ ದಲ್ಲಾಳಿಗಳಿಗೆ ಈ ದಿನ ನಾವು ಕೆಲವು ಮಾತು ಹೇಳಬಯಸುತ್ತೇವೆ.

ಮೊದಲನೆಯ ರೋಗ ಬೆಲೆ. ಹೆದ್ದಾರಿ ಅಗಲಗೊಳಿಸುವುದಕ್ಕೆ ಜಾಗ ಬಿಟ್ಟುಕೊಟ್ಟವರಿಗೆ ಬಂದ ಪರಿಹಾರದ ಸುದ್ದಿ ಕೇಳಿದಂದಿನಿಂದ, ಹೆದ್ದಾರಿಯಿಂದ ಹತ್ತು ಮೈಲಿ ಒಳಗಿನ ಮಜಲಿನ ಒಡೆಯನೂ ಅದೇ ದರವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ. ದಲ್ಲಾಳಿಗೆ ಇದು ಆಗದ ಬೆಲೆಯೆಂದು ಗೊತ್ತಿದೆ. ಆದರೆ ಹಾಗೆಂದರೆ ಮನೆ ಇನ್ನೊಬ್ಬ ದಲ್ಲಾಳಿಯ ಕೈಗೆ ಹೋದೀತೆಂಬ ಭಯದಿಂದ “ಖಂಡಿತ ಸಿಗುತ್ತದೆ ಅಣ್ಣೇರೇ” ಎಂದು ಮೂಗಿಗೆ ತುಪ್ಪ ಸವರುತ್ತಾನೆ. ಫಲಕ ಹಾಕಿದ ಮೊದಲ ಒಂದೆರಡು ತಿಂಗಳಲ್ಲಿ ಬರುವವರೇ ನಿಜವಾಗಿ ಕೊಳ್ಳುವವರು. ಅವರು ಬೆಲೆ ಕೇಳಿ ಹಿಂದಿರುಗುತ್ತಾರೆ. ವರ್ಷ ಕಳೆದು ಬೆಲೆ ಇಳಿಸಿದಾಗ “ಇಷ್ಟು ದಿನ ಯಾಕೆ ಹೋಗಲಿಲ್ಲ? ಬಾವಿಯಲ್ಲಿ ನೀರಿಲ್ಲವೋ, ದಾರಿಯ ತಕರಾರೋ?” ಎಂಬ ಸಂಶಯ ಹುಟ್ಟಿ, ಇಳಿಸಿದ ಬೆಲೆಗೂ ಗಿರಾಕಿ ಸಿಗುವುದಿಲ್ಲ. ಆದ್ದರಿಂದ ಹತ್ತಿರದಲ್ಲಿ ಈಚೆಗೆ ನಿಜವಾಗಿ ನಡೆದ ಕ್ರಯಗಳನ್ನು ಮುಂದಿಟ್ಟು ಮೊದಲ ದಿನವೇ ಕಹಿ ಸತ್ಯ ಹೇಳುವ ದಲ್ಲಾಳಿಯೇ ಒಡೆಯನ ಹಿತೈಷಿ. ಆಧಾರ ಪತ್ರದ ಮುದ್ರಾಂಕ ಶುಲ್ಕ ನೂರಕ್ಕೆ 8, ರಿಜಿಸ್ಟ್ರಿ ಶುಲ್ಕ ನೂರಕ್ಕೆ 2. ಅಂದರೆ 40 ಲಕ್ಷದ ಮನೆಗೆ ಕೊಳ್ಳುವವನು ಮತ್ತೂ 4 ಲಕ್ಷ ಹೊರಬೇಕು. ಬೆಲೆ ಹೇಳುವಾಗ ಈ ಲೆಕ್ಕವನ್ನು ಯಾರೂ ಎಣಿಸುವುದಿಲ್ಲ.

ಇದಕ್ಕಿಂತ ಕೆಟ್ಟದ್ದು “ಕೈಗೆ ಇಷ್ಟು” ಎಂಬ ಪದ್ಧತಿ. ಒಡೆಯ ತನ್ನ ಕೈಗೆ 40 ಲಕ್ಷ ಬರಲಿ, ಮೇಲಿನದ್ದು ನಿನಗೆ ಎನ್ನುತ್ತಾನೆ. ಇದೇ ಮಾತನ್ನು ಐದಾರು ಮಂದಿ ದಲ್ಲಾಳಿಗಳಿಗೂ ಹೇಳಿರುತ್ತಾನೆ. ಒಬ್ಬ 44 ಎನ್ನುತ್ತಾನೆ, ಇನ್ನೊಬ್ಬ 46, ಮತ್ತೊಬ್ಬ 50. ಕೊಳ್ಳುವವನೇನು ಕಿವುಡನಲ್ಲ. ಒಂದೇ ಮನೆಗೆ ಮೂರು ಬೆಲೆ ಕೇಳಿದ ಕೂಡಲೇ ಎಲ್ಲರೂ ಮೋಸಗಾರರೆಂದು ತೀರ್ಮಾನಿಸಿ ಬೇರೆ ಮನೆ ಹುಡುಕುತ್ತಾನೆ. ಆರು ಮಂದಿಗೆ ಹೇಳಿದ ಮನೆಯನ್ನು ಆರರಲ್ಲಿ ಒಬ್ಬನೂ ಗುಡಿಸಿ ತೋರಿಸುವುದಿಲ್ಲ. ಒಬ್ಬನನ್ನೋ ಇಬ್ಬರನ್ನೋ ಗೊತ್ತುಮಾಡಿ, ನೂರಕ್ಕೆ ಇಷ್ಟು ಕಮಿಷನ್ ಎಂದೂ ಇಷ್ಟು ತಿಂಗಳ ಅವಧಿಯೆಂದೂ ಕಾಗದದಲ್ಲಿ ಬರೆದುಕೊಳ್ಳುವುದು ಇಬ್ಬರಿಗೂ ಮರ್ಯಾದೆ. 2016ರ ರಿಯಲ್ ಎಸ್ಟೇಟ್ ಕಾಯಿದೆಯಂತೆ, ನೋಂದಾಯಿಸಬೇಕಾದ ಹೊಸ ಯೋಜನೆಗಳ ಫ್ಲಾಟು, ನಿವೇಶನ ಮಾರಿಸುವ ಏಜೆಂಟರು ತಾವೂ ನೋಂದಾಯಿಸಿಕೊಳ್ಳಲೇಬೇಕು. ಆದರೆ ಒಬ್ಬರ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಕೊಡಿಸುವ ದಲ್ಲಾಳಿಗೆ ಆ ಕಟ್ಟು ಇಲ್ಲ. ನಮ್ಮ ಊರುಗಳ ವ್ಯವಹಾರ ಹೆಚ್ಚಾಗಿ ಈ ಜಾತಿಯದ್ದೇ ಆದ್ದರಿಂದ ದಲ್ಲಾಳಿಯ ಮಾತೇ ಇಲ್ಲಿ ಕಾನೂನು.

ಇನ್ನು ದಾಖಲೆಗಳು. ಬೆಲೆ ಕುದುರಿದ ಮೇಲೂ ಮುರಿದುಬೀಳುವ ವ್ಯವಹಾರಗಳಲ್ಲಿ ಹೆಚ್ಚಿನವು ಇಲ್ಲಿಯೇ ಮುಗ್ಗರಿಸುತ್ತವೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಅಜ್ಜನ ಕಾಲದ ಆಧಾರ, ಪಾಲುಪಟ್ಟಿಗಳು ಕನ್ನಡದಲ್ಲಿವೆ. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ ಜಾಗಗಳಿಗೆ ಲ್ಯಾಂಡ್ ಟ್ರಿಬ್ಯೂನಲಿನ ಕ್ರಯ ಸರ್ಟಿಫಿಕೇಟೇ ಮೂಲ. ಅನಂತರದ ಕಾಗದಗಳು ಮಲೆಯಾಳದಲ್ಲಿ. ಸಾಲ ಕೊಡುವ ಬ್ಯಾಂಕಿನ ವಕೀಲರಿಗೆ ಕನ್ನಡ ಬಾರದು, ಪುತ್ತೂರಿನಿಂದ ಬಂದ ಕೊಳ್ಳುವವನಿಗೆ ಮಲೆಯಾಳ ಬಾರದು. ಎರಡೂ ಬಲ್ಲ ದಲ್ಲಾಳಿ ಈ ಕಾಗದಗಳ ಸಾರವನ್ನು ಒಂದು ಹಾಳೆಯಲ್ಲಿ ಎರಡೂ ಭಾಷೆಗಳಲ್ಲಿ ಬರೆದಿಟ್ಟು, ಋಣಭಾರ ಸರ್ಟಿಫಿಕೇಟು, ತೀರ್ವೆ ರಸೀದಿ, ಮನೆ ತೆರಿಗೆ ರಸೀದಿಗಳನ್ನು ಜೊತೆಗಿಟ್ಟರೆ ಅರ್ಧ ಕೆಲಸ ಮುಗಿದಂತೆ. ಜಾಗದಲ್ಲಿ ಗದ್ದೆಯಿದ್ದರೆ 2008ರ ಗದ್ದೆ ಸಂರಕ್ಷಣಾ ಕಾಯಿದೆಯ ದತ್ತಾಂಶ ಪಟ್ಟಿಯಲ್ಲಿ ಅದು ಸೇರಿದೆಯೋ ಎಂದು ಮೊದಲೇ ನೋಡಬೇಕು. 2022ರ ನವೆಂಬರಿನಲ್ಲಿ ತೊಡಗಿದ ಡಿಜಿಟಲ್ ಪುನರ್ ಸರ್ವೆ ಮುಗಿದ ಗ್ರಾಮಗಳಲ್ಲಿ ಹಳೆಯ ಸರ್ವೆ ನಂಬ್ರಕ್ಕೂ ಹೊಸತಕ್ಕೂ, ಆಧಾರದ ಸೆಂಟ್ಸಿಗೂ ಅಳತೆಯ ಸೆಂಟ್ಸಿಗೂ ತಾಳೆ ನೋಡದೆ ಅಡ್ವಾನ್ಸ್ ಮುಟ್ಟಿಸುವುದು ತಗಾದೆಗೆ ಆಮಂತ್ರಣ.

ಸಹಿಯ ವಿಷಯವೂ ಹಾಗೆಯೇ. ಮದುವೆಯಾಗಿ ಹೋದ ಹೆಣ್ಣು ಮಕ್ಕಳನ್ನು ಲೆಕ್ಕಕ್ಕೆ ಹಿಡಿಯದ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. 2004ರ ಡಿಸೆಂಬರ್ 20ರ ಬಳಿಕ ತೀರಿಕೊಂಡ ಹಿಂದೂವಿನ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲೆಂದು, ಕಾಯಿದೆ ಹೇಳಿದ ವಿನಾಯಿತಿಗಳಿಗೆ ಒಳಪಟ್ಟು, ಕೇರಳ ಹೈಕೋರ್ಟು 2025ರ ಜುಲೈಯಲ್ಲಿ ತೀರ್ಪಿತ್ತಿದೆ. ತಂಗಿಯ ಒಪ್ಪಿಗೆ ಕೇಳದೆ ಫಲಕ ನೆಟ್ಟ ಮನೆ ಎಷ್ಟು ಚೆಂದವಿದ್ದರೇನು? ಒಡೆಯ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ಕಾನ್ಸುಲರ ಎದುರು ಮಾಡಿದ ಮುಕ್ತ್ಯಾರುನಾಮೆಗೆ, ಅದು ಇಲ್ಲಿಗೆ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕ ಹಾಕಿಸಿಕೊಳ್ಳಬೇಕು. ಅನಿವಾಸಿಯಿಂದ ಕೊಳ್ಳುವವನು ಬೆಲೆ ಎಷ್ಟೇ ಇರಲಿ ಆದಾಯ ತೆರಿಗೆ ಹಿಡಿದುಕೊಂಡೇ ಹಣ ಕೊಡತಕ್ಕದ್ದು. ಇದು ಆಧಾರದ ದಿನ ರಿಜಿಸ್ಟ್ರಾರರ ಕಚೇರಿಯ ಜಗಲಿಯಲ್ಲಿ ತಿಳಿದುಬರಬೇಕಾದ ಸಂಗತಿಯಲ್ಲ.

ಮನೆಯನ್ನು ತೋರಿಸುವ ಬಗೆಯನ್ನೂ ಹೇಳಬೇಕು. ಬೀಗ ತೆಗೆದರೆ ಬಾವಲಿಯ ವಾಸನೆ, ಸ್ವಿಚ್ಚು ಒತ್ತಿದರೆ ಬೆಳಕಿಲ್ಲ. ಅಂಗಳ ಕೆತ್ತಿಸಿ, ಜಾರಿದ ಹಂಚು ಸರಿಪಡಿಸಿ, ಪಂಪು ನಡೆಯುವಂತೆ ಮಾಡಲು ತಗಲುವ ಖರ್ಚು ಬೆಲೆಯಲ್ಲಿ ಬಿಡಬೇಕಾಗುವ ಲಕ್ಷದ ಮುಂದೆ ಏನೂ ಅಲ್ಲ. ಬೇಸಿಗೆಯಲ್ಲಿ ಬಾವಿಯಲ್ಲಿ ಎಷ್ಟು ಕೋಲು ನೀರಿರುತ್ತದೆ, ಸುರಂಗವಿದೆಯೇ, ಕಾರು ಅಂಗಳದ ವರೆಗೆ ಬರುತ್ತದೆಯೇ ಎಂಬುದನ್ನು ನೇರವಾಗಿ ಹೇಳಿದರೆ ಸಾಕು. ಗಿರಾಕಿ ಕೇಳುವುದು ಇದನ್ನೇ. ಮುಚ್ಚಿಟ್ಟರೂ ನೆರೆಮನೆಯವರು ಹೇಳದೆ ಬಿಡುವುದಿಲ್ಲ! ಇನ್ನು ಕೆಲವರು ಅತ್ಯಲ್ಪ ಅಡ್ವಾನ್ಸ್ ಕೊಟ್ಟು ವರ್ಷದ ಕರಾರು ಬರೆಸಿಕೊಂಡು, ಆ ಬಲದಿಂದ ಮನೆಯನ್ನು ತಾವೇ ಮರುಮಾರಾಟಕ್ಕಿಡುತ್ತಾರೆ. ಗಿರಾಕಿ ಸಿಗದಿದ್ದರೆ ಕೈಬಿಡುತ್ತಾರೆ. ಇಂಥವರಿಂದ ನಮ್ಮ ಓದುಗರು ದೂರವಿರಲಿ. ಕರಾರಿಗೆ ಮೂರು ತಿಂಗಳು ಧಾರಾಳ.

ಸರಕಾರಿ ಕಚೇರಿಗಳ ಪಾಲೂ ಇದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಮೂಲಕ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದಲ್ಲಿನ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ನಮಗಿದೆ. ವಿಲ್ಲೇಜ್ ಕಚೇರಿಗೆ ಕೊಡುವ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಿರಿ, ದಲ್ಲಾಳಿಗಳೂ ಬರೆಸಲಿ. ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಮನೆ ನೋಡುವವರು ಓಡಾಡತೊಡಗುತ್ತಾರೆ. ಕಪಾಟಿನ ಕಾಗದಗಳನ್ನು ಅದಕ್ಕೆ ಮೊದಲೇ ಹೊರತೆಗೆಯಬೇಕು.