20 ವರ್ಷದ ಡೀಸೆಲ್ ಗಾಡಿ: ಎಂಜಿನ್ ಇನ್ನೂ ಗಟ್ಟಿ, ಎಫ್‌ಸಿ ಲೆಕ್ಕವೇ ಭಾರ

ಸಾಗರ: ‘ಡೀಸೆಲ್ ಗಾಡಿಗೆ 10 ವರ್ಷ ಆದ್ರೆ ಗುಜರಿಗೆ ಹಾಕ್ಬೇಕಂತೆ’ ಅನ್ನೋ ಸುದ್ದಿ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇದೆ. ಇದನ್ನು ನಂಬಿ ಹಳೇ ಟೆಂಪೊ, ಜೀಪನ್ನು ಸಿಕ್ಕಿದ ರೇಟಿಗೆ ಕೊಡಲು ಹೊರಟವರು ಸ್ವಲ್ಪ ತಡೆಯುವುದು ಒಳ್ಳೆಯದು. 10 ವರ್ಷದ ಆ ನಿಯಮ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. ಕೆಎ-15 ನಂಬರಿನ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಇಲ್ಲಿ ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಖಾಸಗಿಯವರ ಗಾಡಿಯನ್ನು ಯಾರೂ ರಸ್ತೆಯಿಂದ ಎತ್ತಿಸುವುದಿಲ್ಲ. 15 ವರ್ಷ ದಾಟಿದ್ದಕ್ಕೆ ನೋಂದಣಿ ಮುಂದುವರಿಯದೆ ಮೂಲೆ ಸೇರುತ್ತಿರುವುದು 2023ರ ಏಪ್ರಿಲ್‌ನಿಂದ ಸರ್ಕಾರಿ ವಾಹನಗಳು ಮಾತ್ರ.

ಹಾಗಂತ ನಿಶ್ಚಿಂತೆಯಾಗಿ ಕೂರುವ ಕಾಲವೂ ಅಲ್ಲ. ಗಾಡಿಯನ್ನು ನಿಲ್ಲಿಸಿ ಎಂದು ಸರ್ಕಾರ ಹೇಳುತ್ತಿಲ್ಲ, ಇಟ್ಟುಕೊಳ್ಳುವ ಖರ್ಚನ್ನು ಏರಿಸುತ್ತಿದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಬದಲಿಸಿದ ಶುಲ್ಕದ ಪ್ರಕಾರ 20 ವರ್ಷ ದಾಟಿದ ಲಘು ವಾಹನದ ಎಫ್‌ಸಿಗೆ 15 ಸಾವಿರ ರೂ., ಮಧ್ಯಮ ವಾಹನಕ್ಕೆ 20 ಸಾವಿರ, ಲಾರಿ-ಬಸ್ಸಿಗೆ 25 ಸಾವಿರ. ಬಾಡಿಗೆ ಗಾಡಿಗೆ 8 ವರ್ಷದ ಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅಂದರೆ ಹಳೇ ಮ್ಯಾಕ್ಸಿಕ್ಯಾಬ್ ಇಟ್ಟುಕೊಂಡವರಿಗೆ ತಿಂಗಳಿಗೆ 1,250 ರೂ. ಬರೀ ಈ ಒಂದು ಕಾಗದಕ್ಕೆ. ಮಲೆನಾಡಿನಲ್ಲಿ ಮಳೆಗಾಲದ ಮೂರು ತಿಂಗಳು ಬಾಡಿಗೆ ಅಷ್ಟಕ್ಕಷ್ಟೆ. ದುಡಿಯುವ 9 ತಿಂಗಳಿಗೆ ಹಂಚಿದರೆ ಅದೇ 1,650 ರೂ. ದಾಟುತ್ತದೆ. ಇನ್ಶೂರೆನ್ಸ್, ಟ್ಯಾಕ್ಸು, ಟೈರು ಎಲ್ಲ ಬೇರೆ.

ವಿಚಿತ್ರವೆಂದರೆ ಈ ಗಾಡಿಗಳ ಎಂಜಿನ್ನೇನೂ ಸೋತಿಲ್ಲ. ಕೊಡಚಾದ್ರಿ ಹತ್ತುವ ಜೀಪುಗಳನ್ನೇ ನೋಡಿ. ಹೊಸ ಗಾಡಿ ಇಳಿಸಲು ಯಾರೂ ಮನಸ್ಸು ಮಾಡದ ಆ ಕೊರಕಲು ದಾರಿಯಲ್ಲಿ ಹಳೇ ಮಹೀಂದ್ರ ಡೀಸೆಲ್ ಜೀಪುಗಳು ಜನರನ್ನು ತುಂಬಿಕೊಂಡು ಹೋಗಿ ಬರುತ್ತವೆ. ಟೆಂಪೊ ಟ್ರಾವೆಲರ್‌ನ ಹಳೇ ಎಂಜಿನ್ನಿನ ಮೂಲ ಮರ್ಸಿಡಿಸ್ ವಿನ್ಯಾಸದ್ದು. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ದಾರಿಯಲ್ಲಿ ಕೈಕೊಟ್ಟರೆ ಡೀಸೆಲ್ ಫಿಲ್ಟರ್ ಬಿಚ್ಚಿ, ಏರ್ ತೆಗೆದು, ಕೈಪಂಪು ಹೊಡೆದು ಸ್ಟಾರ್ಟ್ ಮಾಡೋ ಮೆಕ್ಯಾನಿಕ್ ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ ಹಾಗಲ್ಲ. ಹೊಗೆ ಸೋಸುವ ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತಿತು ಅಂದರೆ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಊರಿನಲ್ಲೇ ಸಣ್ಣ ಸಣ್ಣ ಟ್ರಿಪ್ ಹೊಡೆಯುವ ಗಾಡಿಗೆ ಈ ಕಾಟ ಜಾಸ್ತಿ, ಯಾಕೆಂದರೆ ಆ ಫಿಲ್ಟರ್ ತಾನಾಗಿ ಸುಟ್ಟು ಸ್ವಚ್ಛವಾಗಲು ಒಂದಷ್ಟು ದೂರ ಬಿಸಿಯಾಗಿ ಓಡಬೇಕು.

ಹಳೇ ಎಂಜಿನ್ನಿನ ನಿಜವಾದ ಪರೀಕ್ಷೆ ಹೊಗೆ. ಬಿಎಸ್-4ಕ್ಕೆ ಮೊದಲಿನ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್ರಿಡ್ಜ್ ಯೂನಿಟ್, ಬಿಎಸ್-4ಕ್ಕೆ 50. ಅಂದರೆ ಹಳೆಯದಕ್ಕೆ ಮೊದಲೇ ಸ್ವಲ್ಪ ಸಡಿಲ ಕೊಟ್ಟಿದ್ದಾರೆ, ಅಷ್ಟರಲ್ಲೂ ಪಾಸಾಗದಿದ್ದರೆ ತಪ್ಪು ವಯಸ್ಸಿನದ್ದಲ್ಲ. ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ನಾಝಲ್, ಪಂಪ್ ಕಡೆ ನೋಡಬೇಕು. ‘ಪಿಕಪ್ ಬರ್ಲಿ’ ಅಂತ ಪಂಪಿನ ಸೀಲ್ ಒಡೆದು ಡೀಸೆಲ್ ಏರಿಸುವವರೇ ಹೆಚ್ಚಾಗಿ ಸಿಕ್ಕಿಬೀಳುವುದು. ಪಿಕಪ್ ಎರಡು ದಿನ ಇರುತ್ತೆ, ಆಮೇಲೆ ಡೀಸೆಲ್ಲೂ ಹೋಯ್ತು, ಎಂಜಿನ್ನೂ ಕಾದುಹೋಯ್ತು. ನೀಲಿ ಹೊಗೆ ಕಂಡರೆ ಆಯಿಲ್ ಉರಿಯುತ್ತಿದೆ ಎಂದರ್ಥ. ರಿಂಗು, ಲೈನರ್ ಕೆಲಸ ಬಂದಿರಬಹುದು. ಆ ಹಂತದಲ್ಲಿ ಮಾತ್ರ ‘ಇಂಜಿನ್ ಇಳಿಸೋದೋ, ಗಾಡಿ ಕೊಡೋದೋ’ ಅನ್ನೋ ಪ್ರಶ್ನೆಗೆ ಅರ್ಥವಿದೆ.

ದುಡಿಮೆಯ ದಾರಿಯೂ ಬದಲಾಗಿದೆ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಸಿಗಂದೂರಿಗೆ ಬರುವವರು ಸ್ವಂತ ಕಾರಿನಲ್ಲಿ ನೇರ ಹೋಗಬಹುದು. ಲಾಂಚ್ ಇಳಿದವರನ್ನು ದೇವಸ್ಥಾನಕ್ಕೆ ಬಿಡುತ್ತಿದ್ದ ವ್ಯಾನು, ಜೀಪುಗಳಿಗೆ ಆ ಬಾಡಿಗೆ ಮೊದಲಿನಂತೆ ಉಳಿದಿಲ್ಲ. ಜನಕ್ಕೆ ಅನುಕೂಲವಾಯಿತು, ಸರಿಯೇ. ಆದರೆ ಬಾಡಿಗೆ ಇಳಿದ ವರ್ಷವೇ ಎಫ್‌ಸಿ ಏರಿದ್ದು ಈ ಮಾಲೀಕರ ಪಾಲಿಗೆ ಎರಡೂ ಕಡೆಯ ಪೆಟ್ಟು.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಅಡಿಕೆ ಚೀಲ, ಸಿಮೆಂಟು, ಕಿರಾಣಿ ಸಾಮಾನು ಬರುವುದು ಹೆಚ್ಚಾಗಿ ಇಂಥ ಗಾಡಿಗಳಲ್ಲೇ. ಎಫ್‌ಸಿ ಮುಗಿದಿದ್ದರೆ ಕಾನೂನಿನ ಕಣ್ಣಿಗೆ ಆ ಗಾಡಿಯ ನೋಂದಣಿಯೇ ಊರ್ಜಿತವಲ್ಲ. ಅಪಘಾತವಾದರೆ ಗಾಡಿಯ ರಿಪೇರಿ ಹಣ ಕೊಡಲು ವಿಮಾ ಕಂಪನಿ ತಕರಾರು ಮಾಡುತ್ತದೆ. ಗಾಯಗೊಂಡವರಿಗೆ ಕೊಟ್ಟ ಪರಿಹಾರವನ್ನೂ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲು ಕೋರ್ಟ್ ಆದೇಶ ಬರಬಹುದು. ನೂರಿನ್ನೂರು ರೂಪಾಯಿ ಕಡಿಮೆ ಬಾಡಿಗೆ ಅಂತ ಲೋಡ್ ಮಾಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಲು ಒಂದು ನಿಮಿಷ ಸಾಕು.

ಮಾರಲೇಬೇಕು ಅನ್ನುವವರಿಗೆ ಎರಡು ದಾರಿ ಇವೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಸಿಗುವ ಠೇವಣಿ ಪ್ರಮಾಣಪತ್ರವನ್ನು ಹೊಸ ಗಾಡಿ ಕೊಳ್ಳುವಾಗ ತೋರಿಸಬಹುದು. ಕೇಂದ್ರದ ನಿಯಮದಂತೆ ತೆರಿಗೆಯಲ್ಲಿ ಸ್ವಂತ ವಾಹನಕ್ಕೆ 25%ವರೆಗೆ, ಬಾಡಿಗೆ ವಾಹನಕ್ಕೆ 15%ವರೆಗೆ ರಿಯಾಯಿತಿ ಇದೆ. ಊರಿನ ಗುಜರಿ ಅಂಗಡಿಯ ಚೀಟಿಗೆ ಇದು ಸಿಗಲ್ಲ. ಇನ್ನೊಂದು, ಹಳೇ ಟ್ರಾವೆಲರ್ ತಗೊಂಡು ಮಂಚ, ಒಲೆ ಕೂರಿಸಿ ಕ್ಯಾರವಾನ್ ಮಾಡಿಕೊಳ್ಳೋ ಆಸೆಯವರಿಗೆ ಕೊಡುವುದು. ಗಾಡಿಯ ಸ್ವರೂಪ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಅದು ನಮೂದಾಗಬೇಕು. ಅದು ಕೊಂಡವರ ತಲೆನೋವು ಎಂದು ಸುಮ್ಮನಿರುವ ಹಾಗಿಲ್ಲ. ಹೆಸರು ಬದಲಾಗುವ ತನಕ ನೋಟಿಸ್ ಬರುವುದು ಹಳೇ ಮಾಲೀಕರ ಮನೆಗೇ.