ಹೇಳಿಕೊಳ್ಳಲಾಗದ ಸೋರಿಕೆ

ದೊಡ್ಡಬಳ್ಳಾಪುರದ ಹಿರಿಯ ನೇಕಾರರೊಬ್ಬರು ನಮಗೆ ಪರಿಚಿತರು. ಪ್ರೋಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಾದ ಬಳಿಕ, ಕೆಮ್ಮಿದರೂ ಭಾರವೆತ್ತಿದರೂ ಅವರಿಗೆ ಮೂತ್ರವು ಹನಿಯತೊಡಗಿತು. ಅವರು ವೈದ್ಯರಿಗೆ ತಿಳಿಸಲಿಲ್ಲ. ನೀರು ಕುಡಿಯುವುದನ್ನು ಕಡಿಮೆ ಮಾಡಿದರು, ಬೆಂಗಳೂರಿನ ಬಸ್ಸು ಹತ್ತುವುದನ್ನೇ ಬಿಟ್ಟರು. ಈ ಬಗೆಯ ಮೌನವು ರೋಗಕ್ಕಿಂತ ಹೆಚ್ಚು ಹಾನಿಕರವೆಂಬುದು ನಮ್ಮ ಅಭಿಪ್ರಾಯ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ನಾಚಿಕೆಯ ವಿಷಯವಲ್ಲ, ಒತ್ತಡದ ವಿಷಯ. ಮೂತ್ರಕೋಶವು ಹಿಗ್ಗುವ ಚೀಲ. ವಯಸ್ಕರಲ್ಲಿ ಅದು ಸುಮಾರು 400ರಿಂದ 500 ಮಿಲಿಲೀಟರಿನಷ್ಟು ಹಿಡಿಯುತ್ತದೆ. ತುಂಬುತ್ತಿರುವಾಗ ಗೋಡೆಯೂ ಸಡಿಲಗೊಳ್ಳುವುದರಿಂದ ಒಳಗಿನ ಒತ್ತಡ ಅಷ್ಟಾಗಿ ಏರದು. ಆದರೆ ಕೆಮ್ಮಿದಾಗ ಉದರದ ಒತ್ತಡ ಥಟ್ಟನೆ ಹಲವು ಪಟ್ಟಾಗುತ್ತದೆ. ಆಗ ಮೂತ್ರಮಾರ್ಗವನ್ನು ಸುತ್ತಿರುವ ಬಳೆಯಂತಹ ಸ್ನಾಯು ಸೋತರೆ ಮೂತ್ರವು ಹನಿಯುತ್ತದೆ.

ಕೆರೆಯ ತೂಬು ಸೋರಿದರೆ ಊರವರು ತೂಬನ್ನು ಸರಿಪಡಿಸುವರೇ ಹೊರತು, ಕೆರೆಗೆ ನೀರು ಬಾರದಂತೆ ತಡೆಯುವುದಿಲ್ಲ. ನೀರು ಬಿಟ್ಟರೆ ಮೂತ್ರವು ಗಾಢವಾಗಿ ಮೂತ್ರಕೋಶವನ್ನು ಕೆರಳಿಸಬಹುದು; ಮಲಬದ್ಧತೆಯೂ ಸೇರಿ ತೊಂದರೆ ಹೆಚ್ಚಬಹುದು.

ಸ್ನಾಯುವೆಂದ ಮೇಲೆ ಅದನ್ನು ಬಲಪಡಿಸಬಹುದು. ಅಮೆರಿಕದ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಸ್ತ್ರೀಯರಿಗಾಗಿ ಪ್ರಕಟಿಸಿದ ವ್ಯಾಯಾಮವು ಇಂದು ಪುರುಷರಿಗೂ ವಿಧಿಸಲ್ಪಡುತ್ತದೆ. ಅಪಾನವಾಯುವನ್ನು ತಡೆಯುವಂತೆ ಕೆಳಗಿನ ಸ್ನಾಯುಗಳನ್ನು 5ರಿಂದ 10 ಸೆಕೆಂಡು ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲಬಿಡುವುದು; ಒಮ್ಮೆಗೆ 10 ಬಾರಿಯಂತೆ ದಿನಕ್ಕೆ 3 ಸಲ. ಉಸಿರು ಕಟ್ಟಬಾರದು, ಹೊಟ್ಟೆ ತೊಡೆಗಳನ್ನು ಬಿಗಿಯಬಾರದು. ಕೆಮ್ಮು ಬರುವ ಸೂಚನೆ ಕಂಡೊಡನೆ ಬಿಗಿಹಿಡಿಯುವುದನ್ನೂ ರೂಢಿಸಿಕೊಳ್ಳಬೇಕು. ಫಲಕ್ಕಾಗಿ 3 ತಿಂಗಳಾದರೂ ತಾಳ್ಮೆ ಬೇಕು. ಅಲ್ಲಿಯವರೆಗೆ ಹೀರುವ ಪ್ಯಾಡುಗಳನ್ನು ಧರಿಸಿ ನಿಶ್ಚಿಂತೆಯಿಂದ ಓಡಾಡಬಹುದು.

ಆದರೆ ಎಲ್ಲ ಸೋರಿಕೆಯೂ ಒಂದೇ ಬಗೆಯದಲ್ಲ. ಊದಿಕೊಂಡ ಪ್ರೋಸ್ಟೇಟ್ ದಾರಿಯನ್ನು ಅಡ್ಡಗಟ್ಟಿ, ಬರಿದಾಗದ ಮೂತ್ರಕೋಶವು ತುಂಬಿ ಹೊರಚೆಲ್ಲುವುದುಂಟು. ಅಲ್ಲಿ ಈ ವ್ಯಾಯಾಮ ಸಾಲದು. ತಟ್ಟನೆ ತಡೆಯಲಾರದ ಅವಸರವಾಗುವವರಿಗೆ ಮೂತ್ರವಿಸರ್ಜನೆಯ ಅಂತರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವ ಅಭ್ಯಾಸವೂ ಔಷಧಗಳೂ ಇವೆ. ಆದುದರಿಂದ ಮೊದಲು ಪರೀಕ್ಷೆಯಾಗಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಕಟ್ಟಿದರೆ ತಡಮಾಡಬಾರದು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆಯಿದೆ.

ತಾವಾಗಿ ಬಾಯಿಬಿಡುವ ಗಂಡಸರು ವಿರಳ. ಸಕ್ಕರೆಯನ್ನೂ ರಕ್ತದೊತ್ತಡವನ್ನೂ ವಿಚಾರಿಸುವ ವೈದ್ಯರು ಇದೊಂದು ಪ್ರಶ್ನೆಯನ್ನೂ ಕೇಳುವಂತಾಗಲಿ. ನಮ್ಮ ನೇಕಾರರು ಕಾದಿದ್ದುದು ಬಹುಶಃ ಆ ಪ್ರಶ್ನೆಗಾಗಿಯೇ.